ನಿಘಂಟಿನ ಬೆನ್ನ ಮೇಲಿನ ಹೆಂಗಸು

ಅಪ್ಪನ ಮೇಜಿನ ಮೇಲಿದ್ದ ದಪ್ಪ ವೆಬ್‌ಸ್ಟರ್ ನಿಘಂಟಿನ ಧೂಳು ಒರೆಸುತ್ತಲೇ ಬೆಳೆದವಳು ನಾನು. ಆ ಹೆಸರಿನೊಳಗೊಬ್ಬ ಹೆಂಗಸಿದ್ದಾಳೆಂದು ತಿಳಿದದ್ದು ತೀರಾ ತಡವಾಗಿ. ನಮ್ಮಲ್ಲಿ ಹೂವಾಡಿಗ, ಹೂವಾಡಗಿತ್ತಿ ಇದ್ದಂತೆ ಹಳೆಯ ಇಂಗ್ಲಿಷಿನಲ್ಲಿ ನೇಯುವವನು ‘ವೆಬ್ಬ’, ನೇಯುವವಳು ‘ವೆಬ್ಬೆಸ್ಟ್ರೆ’. ರೊಟ್ಟಿ ಸುಡುವವಳಿಂದ ಬ್ಯಾಕ್ಸ್‌ಟರ್ ಬಂದದ್ದೂ ಹೀಗೆಯೇ. ಬರಬರುತ್ತಾ ಆ ಪದ ಗಂಡಸರಿಗೂ ಸಂದು, ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಬಹಳ ಬಳಕೆಯ ಮನೆತನದ ಹೆಸರಾಯಿತು. ತಂದೆಯಿಂದ ಮಗನಿಗೆ ಇಳಿಯಿತು. 1828ರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ ದೊಡ್ಡ ನಿಘಂಟು ಹೊರತಂದ ಮೇಲಂತೂ ಅದು ನಿಘಂಟಿನದೇ ಹೆಸರು.

ಮದುವೆಯಾಗದ ನನ್ನ ಸೋದರತ್ತೆಯನ್ನು ಯಾವುದೋ ಕಾಗದಪತ್ರದಲ್ಲಿ ‘ಸ್ಪಿನ್‌ಸ್ಟರ್’ ಎಂದು ಬರೆದಿದ್ದರು. ಪದದ ಬಾಲ ಅದೇ! ಹೊಲಿಗೆ ಯಂತ್ರ ತುಳಿದು ನನ್ನ ಶಾಲೆಯ ಫೀಸು ಕಟ್ಟಿದವರು ಅತ್ತೆ. ಅವಮಾನವೆನಿಸಿ ಅವರು ಅರ್ಥ ಹುಡುಕಿದ್ದು ಆ ನಿಘಂಟಿನಲ್ಲೇ. ಮೊದಲ ಅರ್ಥ: ನೂಲುವ ಹೆಂಗಸು.