ಮುಟ್ಟಬಾರದ ಬೊಂತೆ

ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ಭಾನುವಾರ. ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ಕೌದಿಗಳ ಪ್ರದರ್ಶನ ನಡೀತಿದೆ ಅಂತ ಹೆಂಡತಿ ಕರೆದುಕೊಂಡು ಹೋದಳು. ಬಿಳಿ ಗೋಡೆ, ಹಳದಿ ದೀಪ, ಗೋಡೆ ತುಂಬ ತೂಗುಹಾಕಿದ ಕೌದಿಗಳು. ಪ್ರತಿಯೊಂದರ ಪಕ್ಕದಲ್ಲೂ ಒಂದು ಚೀಟಿ: ದಯವಿಟ್ಟು ಮುಟ್ಟಬೇಡಿ.

ನನಗೆ ನಗು ಬಂತು. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಇದಕ್ಕೆ ಬೊಂತೆ ಅಂತೀವಿ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನಾನು ಮಲಗಿದ್ದು ಅದರ ಮೇಲೆ, ಹೊದ್ದಿದ್ದು ಅದನ್ನೇ. ಪದವೇನೂ ಹೊಸದಲ್ಲ. ಹನ್ನೆರಡನೇ ಶತಮಾನದ ವಚನಕಾರ್ತಿ ಬೊಂತಾದೇವಿಗೆ ಆ ಹೆಸರು ಬಂದದ್ದೇ ಬೊಂತೆ ಹೊದ್ದಿದ್ದರಿಂದ. ಕಾಶ್ಮೀರದ ಅರಮನೆ ಬಿಟ್ಟು ಕಲ್ಯಾಣಕ್ಕೆ ಬಂದವಳು ಅನ್ನೋದು ಪ್ರತೀತಿ.

ನಗು ನಿಂತದ್ದು ಸಿದ್ದಿ ಹೆಂಗಸರ ಕೌದಿಗಳ ಮುಂದೆ. ಆಫ್ರಿಕಾದಿಂದ ಪೋರ್ಚುಗೀಸರು, ಅರಬರು ಹಡಗಿನಲ್ಲಿ ತಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಇವರು. ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಎಷ್ಟೋ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡು ಸೇರಿದರು. ಹಳೇ ಸೀರೆ, ಅಂಗಿ, ಲಂಗದ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮಾಡಿದ ಪುಟ್ಟ ತ್ರಿಕೋನಗಳನ್ನು ಇಡುತ್ತಾರೆ. ಅವರ ಮಾತಲ್ಲಿ ಅವು ಹೂವು. ಹೂವಿಲ್ಲದ ಕೌದಿ ಅವರ ಪ್ರಕಾರ ಬೆತ್ತಲೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವರ ಜೊತೆ ಸೇರಿ 2004ರಲ್ಲಿ ಸಿದ್ದಿ ಹೆಂಗಸರದೇ ಒಂದು ಕೌದಿ ಸಹಕಾರ ಸಂಘ ಶುರುವಾಗಲು ನೆರವಾದರು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದ ಗೋಡೆ ಏರಿದವು. ಕಪ್ಪು ಜನರ ಚರಿತ್ರೆಗೆಂದೇ ಇರುವ ಸಂಸ್ಥೆ ಅದು.

ಮನೆಗೆ ಬಂದು ರಾತ್ರಿಯೆಲ್ಲ ಇದನ್ನೇ ಓದುತ್ತಾ ಕೂತೆ. ಅಲಬಾಮದ ಜೀಸ್ ಬೆಂಡ್ ಅನ್ನೋ ಊರು ಸಿಕ್ಕಿತು. ಹತ್ತಿ ತೋಟದ ಗುಲಾಮರ ಸಂತತಿಯ ಹೆಂಗಸರು ಅಲ್ಲಿ ಚಳಿಗಾಗಿ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ ಮ್ಯೂಸಿಯಂಗೆ, ಆಮೇಲೆ ನ್ಯೂಯಾರ್ಕಿನ ವಿಟ್ನಿಗೆ ಬಂದವು. 2006ರಲ್ಲಿ ಅಂಚೆಚೀಟಿಯೇ ಆದವು. ಆ ಊರಿನ ಕೌದಿಗಳಲ್ಲಿ ಮಿಸೌರಿ ಪೆಟ್ವೇ ಎಂಬಾಕೆ 1942ರಲ್ಲಿ ಹೊಲಿದದ್ದು ಒಂದಿದೆ. ಗಂಡ ತೀರಿಕೊಂಡಾಗ ಅವನು ಹೊಲದಲ್ಲಿ ತೊಡುತ್ತಿದ್ದ ಬಟ್ಟೆಗಳನ್ನೇ ಕತ್ತರಿಸಿ, ಅವನ ನೆನಪಿಗೆ ಹೊದ್ದುಕೊಳ್ಳಲು ಮಾಡಿಕೊಂಡದ್ದು. ಮಾಸಿದ ನೀಲಿ, ಬೂದು, ಮಣ್ಣಿನ ಕಲೆ.

ಆ ಫೋಟೋ ನೋಡಿದ್ದೇ ಎದೆ ಧಸಕ್ಕೆಂದಿತು. ನಮ್ಮ ಮನೆಯ ಬೊಂತೆಯಲ್ಲೂ ಒಂದು ಖಾಕಿ ತುಂಡು ಇತ್ತಲ್ಲ!

ಈಗ ಸ್ವಲ್ಪ ಕೆಜಿಎಫ್ ವಿಷಯ. ಸಿನಿಮಾ ನೋಡಿ ಗೊತ್ತಿರುವವರೇ ಹೆಚ್ಚು, ಅದಕ್ಕೇ ಹೇಳ್ತಿದೀನಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಬಂತು. ಬಂಗಾರಪೇಟೆ ಆಗಿನ್ನೂ ಮೈಸೂರಿನ ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ. ಅಲ್ಲಿಂದ ಗಣಿಗೆ 1894ರಲ್ಲಿ ರೈಲು ಓಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದರು. ಬೆಂಗಳೂರಿಗಿಂತ ಮೂರು ವರ್ಷ ಮೊದಲು! ಆ ಬೆಳಕು ಕಾಣುವಷ್ಟು ದೂರದಲ್ಲಿದ್ದ ನಮ್ಮ ಹಳ್ಳಿಯಲ್ಲಿ ನಮ್ಮಮ್ಮ ಬುಡ್ಡಿದೀಪದಲ್ಲಿ ಓದಿದವಳು.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಇಳಿಯಿತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿಗೂ ಹೆಚ್ಚು. ತಾತ ಅಲ್ಲಿ ಕೆಲಸಕ್ಕಿದ್ದರು. ಒಳಗೆ ಬೆವರಲ್ಲಿ ತೊಯ್ದು, ಕೇಜ್ ಹತ್ತಿ ಮೇಲೆ ಬಂದರೆ ಬೆಳಗಿನ ಜಾವದ ಕೋಲಾರದ ಚಳಿ. ಮನೆಗೆ ಬಂದವರೇ ಬೊಂತೆ ಎಳೆದುಕೊಂಡು ಮಧ್ಯಾಹ್ನದವರೆಗೆ ಮಲಗುತ್ತಿದ್ದರಂತೆ. ಬಟ್ಟೆ ಸಾಲದೆ ಬಂದರೆ ಅಜ್ಜಿ ರಾಬರ್ಟ್‌ಸನ್‌ಪೇಟೆಯ ಟೈಲರ್ ಅಂಗಡಿಗಳಿಂದ ಚಿಂದಿ ಕೇಳಿ ತರುತ್ತಿದ್ದಳು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಹೊರಗೆ ಬಂದ ಚಿನ್ನ ಸುಮಾರು 800 ಟನ್. ಅದಿರು ಎಷ್ಟು ತೆಗೆದರು, ಎಷ್ಟು ಅಡಿ ಕೊರೆದರು, ಎಲ್ಲಕ್ಕೂ ಲೆಕ್ಕ ಇಟ್ಟ ಜಾಗ ಅದು. ಕೊರೆದವನ ಅಂಗಿ ಏನಾಯ್ತು ಅನ್ನೋ ಲೆಕ್ಕ ಮಾತ್ರ ಹೆಂಗಸರ ಕೈಲಿತ್ತು.

ಆ ಲೆಕ್ಕವನ್ನ ಕಳೆದವನು ನಾನೇ. ಮದುವೆಯಾಗಿ ಹೊಸ ಫ್ಲಾಟಿಗೆ ಹೋಗುವಾಗ ಫ್ರಿಜ್ಜಿಗೆ ಗೀಚು ಬೀಳದಿರಲಿ ಅಂತ ಊರಿಂದ ತಂದಿದ್ದ ಬೊಂತೆ ಸುತ್ತಿದ್ದೆ. ಇಳಿಸಿದ ಮೇಲೆ ಗ್ರೀಸ್ ಮೆತ್ತಿತ್ತು. ಕಸದ ಗಾಡಿಗೆ ಹಾಕಿಬಿಟ್ಟೆ. ಒಣ ಕಸ ಅಂತ ಬೇರೆ ಮಾಡಿ, ಶಿಸ್ತಾಗಿ.

ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿ ಖಾಕಿ ತುಂಡಿನ ಬಗ್ಗೆ ಕೇಳಿದೆ.

"ತಾತಂದೇ ಕಣಪ್ಪ. ತಾತ ಹೋದ ವರ್ಷ ಅಜ್ಜಿ ಹೊಲಿದಿದ್ದು. ಯಾಕೆ, ಹರಿದೋಯ್ತಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೋಗ್ಲಿ ಬಿಡು, ಹೊದ್ಕೊಳ್ಳೋಕೆ ಅಂತ ಹೊಲಿದಿದ್ದು, ಇಟ್ಕೊಳ್ಳೋಕಲ್ಲ" ಅಂದಳು. ಅವಳು ಬೇಜಾರು ಮಾಡಿಕೊಂಡಿದ್ದರೇ ಚೆನ್ನಾಗಿತ್ತು.

ಸಂಕ್ರಾಂತಿಗೆ ಮಾರಿಕುಪ್ಪಂ ರೈಲಿನಲ್ಲಿ ಊರಿಗೆ ಹೋದೆ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ದಿನಾ ಬೆಂಗಳೂರಿಗೆ ದುಡಿಯಲು ಬಂದುಹೋಗುವ ಸಾಲು ಇದು. ಬ್ಯಾಗಿನಲ್ಲಿ ನನ್ನ ಹಳೇ ಶರ್ಟುಗಳು, ಹೆಂಡತಿಯ ಎರಡು ಕಾಟನ್ ಸೀರೆ, ಆಫೀಸಿನ ಟೀ-ಶರ್ಟುಗಳು. ಅಮ್ಮ ಟೀ-ಶರ್ಟುಗಳನ್ನು ಎಳೆದು ನೋಡಿ ಪಕ್ಕಕ್ಕಿಟ್ಟಳು: "ಇದು ಜಗ್ಗುತ್ತೆ, ಹೊಲಿಗೆ ನಿಲ್ಲಲ್ಲ."

ಅಂಗಳದಲ್ಲಿ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟಳು. ಕನ್ನಡಕ ಏರಿಸಿಕೊಂಡು, "ದಾರ ಪೋಣಿಸಿಕೊಡು ಬಾ, ನನಗೆ ಕಾಣಲ್ಲ" ಅಂದಳು. ಮೂರು ಸಲ ತಪ್ಪಿ, ನಾಲ್ಕನೇ ಸಲಕ್ಕೆ ಪೋಣಿಸಿದೆ.