ರೈಲುಡಬ್ಬಿಯ ಬಾಗಿಲುಗಳು

ಚಲನಚಿತ್ರದ ಬಾಲ್ಯಕಾಲದ ಒಂದು ತುಣುಕನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ದಕ್ಷಿಣ ಫ್ರಾನ್ಸಿನ ಕಡಲತಡಿಯ ಲಾ ಸಿಯೋಟಾ ಎಂಬ ಊರಿನ ನಿಲ್ದಾಣ. ದೂರದಿಂದ ಉಗಿಬಂಡಿಯೊಂದು ಬಂದು ನಿಲ್ಲುತ್ತದೆ. ಜನ ಇಳಿಯುತ್ತಾರೆ, ಹತ್ತುತ್ತಾರೆ. ಸುಮಾರು 50 ಸೆಕೆಂಡಿನಲ್ಲಿ ಎಲ್ಲವೂ ಮುಗಿಯುತ್ತದೆ. ಲೂಮಿಯೇರ್ ಸಹೋದರರ ಈ ಚಿತ್ರವನ್ನು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ತೋರಿಸಿದಾಗ, ರೈಲು ಮೈಮೇಲೆಯೇ ಬಂತೆಂದು ಪ್ರೇಕ್ಷಕರು ಎದ್ದು ಓಡಿದರೆಂಬ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಭಯಾನಕವು ಅದ್ಭುತವಾಗಿ ಮಾರ್ಪಡುವುದಕ್ಕೆ ಅದು ನನ್ನ ಸಿದ್ಧ ಉದಾಹರಣೆಯಾಗಿತ್ತು.

ನಿವೃತ್ತನಾದ ಮೇಲೆ ಒಂದು ಸಂಜೆ, ರೈಲಿನ ಹುಚ್ಚು ಹತ್ತಿಸಿಕೊಂಡಿರುವ ನನ್ನ ಮೊಮ್ಮಗ ಈ ಚಿತ್ರವನ್ನು ನನ್ನೊಡನೆ ನೋಡುತ್ತ, "ಅಜ್ಜಾ, ಎಂಜಿನ್ ಬಿಡು, ಡಬ್ಬಿ ನೋಡು. ಇವು ಯಾವ ಕಾಲದವು?" ಎಂದು ಕೇಳಿದ. ಡಬ್ಬಿಗಳನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

ಹಳೆಯ ಡಬ್ಬಿಯನ್ನು ಗುರುತಿಸಬೇಕಾದರೆ ಮೊದಲು ನೋಡಬೇಕಾದದ್ದು ಬಾಗಿಲು. ಇಲ್ಲಿ ಒಂದೇ ಡಬ್ಬಿಯ ಪಕ್ಕದುದ್ದಕ್ಕೂ ಸಾಲಾಗಿ ಬಾಗಿಲುಗಳಿವೆ. ಅಂದರೆ ಒಳಗೆ ಉದ್ದಕ್ಕೂ ಓಡಾಡುವ ಹಾದಿಯಿಲ್ಲ. ಒಂದೊಂದು ಬಾಗಿಲಿಗೆ ಒಂದೊಂದು ಕೋಣೆ. ಅಂಥ ಡಬ್ಬಿಗಳಲ್ಲಿ ಬಾಗಿಲುಗಳು ಒತ್ತೊತ್ತಾಗಿದ್ದರೆ ಸಾಮಾನ್ಯವಾಗಿ ಮೂರನೆಯ ದರ್ಜೆ, ದೂರದೂರವಿದ್ದರೆ ಸಿರಿವಂತರದು. ಟಿಕೆಟ್ ನೋಡುವವನು ಓಡುವ ಗಾಡಿಯ ಹೊರಗಿನ ಮೆಟ್ಟಿಲುಹಲಗೆಯ ಮೇಲೆ, ಕೈಹಿಡಿಯನ್ನು ಆತುಕೊಂಡು ಬರಬೇಕಾಗಿತ್ತು. ರೈಲು ಹೊರಟಿತೆಂದರೆ ಮುಂದಿನ ನಿಲ್ದಾಣದವರೆಗೆ ಆ ಕೋಣೆಯೇ ಒಂದು ದ್ವೀಪ. 1860ರ ಡಿಸೆಂಬರಿನಲ್ಲಿ ಪ್ವಾಂಸೋ ಎಂಬ ಹಿರಿಯ ನ್ಯಾಯಾಧೀಶರು ಪ್ಯಾರಿಸ್ಸಿಗೆ ಬರುತ್ತಿದ್ದಾಗ ಮೊದಲನೆಯ ದರ್ಜೆಯ ಇಂಥದೇ ಕೋಣೆಯಲ್ಲಿ ಕೊಲೆಯಾದರು. ರೈಲು ಊರು ಸೇರುವವರೆಗೆ ಯಾರಿಗೂ ಅದು ತಿಳಿಯಲಿಲ್ಲ. ಚಿತ್ರದಲ್ಲಿ ಬಾಗಿಲು ತೆರೆದು ನಗುನಗುತ್ತ ಇಳಿಯುವವರನ್ನು ನೋಡುವಾಗ ನನಗೀಗ ಇದು ನೆನಪಾಗುತ್ತದೆ.

ಬಣ್ಣದ ಗೊಡವೆಗೆ ಮಾತ್ರ ಹೋಗಬಾರದು. ಆ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಡಬ್ಬಿ ಕಪ್ಪಾಗಿಯೂ ನೀಲಿಯದು ಬೆಳ್ಳಗೂ ಮೂಡುತ್ತಿತ್ತು.

ಆದರೆ ಬಾಗಿಲುಗಳು ಕಾಲವನ್ನು ಸ್ಥೂಲವಾಗಿ ಹೇಳುತ್ತವೆಯೇ ಹೊರತು ವರ್ಷವನ್ನು ಹೇಳುವುದಿಲ್ಲ. ವರ್ಷವನ್ನು ಹುಡುಕಿಕೊಂಡು ಹೋದಾಗಲೇ ನನ್ನ ಕಥೆ ಕುಸಿದುಬಿದ್ದದ್ದು. ಪ್ಯಾರಿಸ್ಸಿನ ಆ ಮೊದಲ ಪ್ರದರ್ಶನದ 10 ಚಿತ್ರಗಳಲ್ಲಿ ಈ ರೈಲು ಇರಲೇ ಇಲ್ಲ. ಪ್ರೇಕ್ಷಕರು ಓಡಿದರೆಂಬುದಕ್ಕೆ ಸಮಕಾಲೀನ ಆಧಾರವಿಲ್ಲವೆಂದು ಜರ್ಮನ್ ವಿದ್ವಾಂಸ ಮಾರ್ಟಿನ್ ಲಾಯ್ಪರ್‌ಡಿಂಗರ್ ವಾದಿಸಿದ್ದಾರೆ. ಇದೇ ದೃಶ್ಯವನ್ನು ಲೂಮಿಯೇರರು ಒಂದಕ್ಕಿಂತ ಹೆಚ್ಚು ಸಲ ಚಿತ್ರೀಕರಿಸಿದ್ದರು. ನಾವೆಲ್ಲ ನೋಡುವ, ಅವರ ಮನೆಯ ಹೆಂಗಸರು ಮಕ್ಕಳು ಕಾಣಿಸಿಕೊಳ್ಳುವ ಪ್ರತಿ 1897ರದೆಂದು ತಜ್ಞರ ನಿರ್ಧಾರ. ಹಾಗಾದರೆ 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದಲ್ಲಿ ಪ್ರೇಕ್ಷಕರು ಮೊದಲು ಕಂಡ 'ರೈಲಿನ ಆಗಮನ' ಇದಾಗಿರಲಾರದು; ಅವರು ನೋಡಿದ್ದು ಬೇರೊಂದು ಪ್ರತಿ, ಬೇರೆ ಪ್ರಯಾಣಿಕರು.

ನನ್ನ ಶಿಷ್ಯರಲ್ಲಿ ಹಲವರು ಇಂದು ಸ್ವತಃ ಅಧ್ಯಾಪಕರು. ಪ್ರೇಕ್ಷಕರು ಓಡಿದ ಕಥೆಯನ್ನು ಅವರೂ ತಮ್ಮ ತರಗತಿಗಳಲ್ಲಿ ಹೇಳುತ್ತಿರಬೇಕು; ಅದನ್ನು ಕಲಿಸಿದವನು ನಾನೇ. ಅವರಲ್ಲಿ ಯಾರಾದರೂ ಇದನ್ನು ಕೇಳುತ್ತಿದ್ದರೆ, ತಮ್ಮ ಟಿಪ್ಪಣಿಯ ಆ ಪುಟವನ್ನು ದಯವಿಟ್ಟು ಹೊಡೆದುಹಾಕಬೇಕು.