ಕ್ಯಾನನ್ ಇಒಎಸ್ ಆರ್5

ಕ್ಯಾನನ್ ಇಒಎಸ್ ಆರ್5 ಜಪಾನಿನ ಕ್ಯಾನನ್ ಸಂಸ್ಥೆ ತಯಾರಿಸಿದ ಫುಲ್-ಫ್ರೇಮ್ ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾ. 2020ರ ಜುಲೈ 9ರಂದು ಇದನ್ನು ಪ್ರಕಟಿಸಲಾಯಿತು. ಅಮೆರಿಕದಲ್ಲಿ ಲೆನ್ಸ್ ಹೊರತುಪಡಿಸಿ ಇದರ ಆರಂಭಿಕ ಬೆಲೆ 3,899 ಡಾಲರ್ ಆಗಿತ್ತು. ಸ್ಥಿರಚಿತ್ರಗಳ ಸೂಕ್ಷ್ಮತೆ ಮತ್ತು ಚುರುಕಾದ ಫೋಕಸ್ ಇದರ ಮುಖ್ಯ ಸಾಮರ್ಥ್ಯಗಳು. ದೀರ್ಘ ವಿಡಿಯೋ ಚಿತ್ರೀಕರಣದಲ್ಲಿ ಬಿಸಿಯೇರಿ ನಿಲ್ಲುವುದು ಮುಖ್ಯ ದೌರ್ಬಲ್ಯ. ಹುಬ್ಬಳ್ಳಿ–ಧಾರವಾಡದಂತಹ ಬಿಸಿ ಬೇಸಿಗೆಯ ಊರುಗಳಲ್ಲಿ ಈ ದೌರ್ಬಲ್ಯಕ್ಕೆ ಹೆಚ್ಚಿನ ಮಹತ್ವವಿದೆ.

ಹಿನ್ನೆಲೆ

ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸ್ ಮೂಲಕ ಬಂದ ಬೆಳಕನ್ನು ಒಂದು ಕನ್ನಡಿ ವ್ಯೂಫೈಂಡರಿನತ್ತ ತಿರುಗಿಸುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ಕನ್ನಡಿ ಇರುವುದಿಲ್ಲ. ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುತ್ತದೆ, ಅಲ್ಲಿ ಮೂಡಿದ ಚಿತ್ರವನ್ನು ಪುಟ್ಟ ಎಲೆಕ್ಟ್ರಾನಿಕ್ ಪರದೆಯಲ್ಲಿ ನೋಡಬೇಕಾಗುತ್ತದೆ. ಇದರಿಂದ ಕ್ಯಾಮೆರಾದ ಗಾತ್ರ ಕಿರಿದಾಗುತ್ತದೆಯಾದರೂ ಸೆನ್ಸರ್ ಸದಾ ಕೆಲಸ ಮಾಡುತ್ತಿರುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ ಮತ್ತು ಶಾಖ ಹೆಚ್ಚುತ್ತದೆ. ಫುಲ್-ಫ್ರೇಮ್ ಎಂದರೆ ಸೆನ್ಸರಿನ ಅಳತೆ ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು, ಅಂದರೆ ಸುಮಾರು 36×24 ಮಿ.ಮೀ. ಇರುವುದು.

ಕ್ಯಾನನ್ 2018ರಲ್ಲಿ ಇಒಎಸ್ ಆರ್ ಮಾದರಿಯೊಂದಿಗೆ ಆರ್‌ಎಫ್ ಎಂಬ ಹೊಸ ಲೆನ್ಸ್ ಮೌಂಟನ್ನು ಪರಿಚಯಿಸಿತು. ಆರ್5 ಕೂಡ ಇದೇ ಮೌಂಟನ್ನು ಬಳಸುತ್ತದೆ.

ತಾಂತ್ರಿಕ ವಿವರಗಳು

• ಸೆನ್ಸರ್: 45 ಮೆಗಾಪಿಕ್ಸೆಲ್ ಸಿಮೋಸ್
• ಪ್ರೊಸೆಸರ್: ಡಿಜಿಕ್ ಎಕ್ಸ್
• ನಿರಂತರ ಚಿತ್ರೀಕರಣ: ಯಾಂತ್ರಿಕ ಶಟರಿನಲ್ಲಿ ಸೆಕೆಂಡಿಗೆ 12, ಎಲೆಕ್ಟ್ರಾನಿಕ್ ಶಟರಿನಲ್ಲಿ 20 ಚಿತ್ರಗಳವರೆಗೆ
• ಐಎಸ್‌ಒ: 100ರಿಂದ 51,200
• ವ್ಯೂಫೈಂಡರ್: 57.6 ಲಕ್ಷ ಬಿಂದುಗಳ ಎಲೆಕ್ಟ್ರಾನಿಕ್ ಪರದೆ
• ಮೆಮೊರಿ ಕಾರ್ಡ್: ಒಂದು ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ, ಒಂದು ಎಸ್‌ಡಿ
• ತೂಕ: ಬ್ಯಾಟರಿ ಮತ್ತು ಕಾರ್ಡ್ ಸೇರಿ 738 ಗ್ರಾಂ

ಸಾಮರ್ಥ್ಯಗಳು

ಚಿತ್ರದ ಗಾತ್ರ: 45 ಮೆಗಾಪಿಕ್ಸೆಲ್ ಚಿತ್ರದಲ್ಲಿ ಬೇಡವಾದ ಭಾಗವನ್ನು ಕತ್ತರಿಸಿದ ಮೇಲೂ ಮುದ್ರಣಕ್ಕೆ ಸಾಕಾಗುವಷ್ಟು ವಿವರ ಉಳಿಯುತ್ತದೆ. ದೊಡ್ಡ ಆಲ್ಬಮ್ ಮುದ್ರಣಕ್ಕೂ ದೂರದ ಹಕ್ಕಿಗಳ ಚಿತ್ರಣಕ್ಕೂ ಇದು ಉಪಯುಕ್ತ.

ಫೋಕಸ್: ಡ್ಯುಯಲ್ ಪಿಕ್ಸೆಲ್ ಸಿಮೋಸ್ ಎಎಫ್ 2 ವ್ಯವಸ್ಥೆ ಮನುಷ್ಯರ ಮುಖ ಮತ್ತು ಕಣ್ಣುಗಳನ್ನು ಗುರುತಿಸಿ ಹಿಂಬಾಲಿಸುತ್ತದೆ. ನಾಯಿ, ಬೆಕ್ಕು ಮತ್ತು ಹಕ್ಕಿಗಳನ್ನೂ ಗುರುತಿಸಬಲ್ಲದು.

ಅಲುಗಾಟ ನಿಯಂತ್ರಣ: ಕೈ ನಡುಕಕ್ಕೆ ಪ್ರತಿಯಾಗಿ ಸೆನ್ಸರ್ ತಾನೇ ಸರಿಯುವ ವ್ಯವಸ್ಥೆ ಕ್ಯಾಮೆರಾದ ಒಳಗೇ ಇದೆ. ಕೆಲವು ಲೆನ್ಸ್‌ಗಳೊಂದಿಗೆ ಇದರಿಂದ 8 ಸ್ಟಾಪ್‌ಗಳವರೆಗೆ ಲಾಭ ದೊರೆಯುತ್ತದೆ ಎಂದು ಕ್ಯಾನನ್ ಹೇಳುತ್ತದೆ. ಮಂದ ಬೆಳಕಿನಲ್ಲಿ ಟ್ರೈಪಾಡ್ ಇಲ್ಲದೆ ನಿಶ್ಚಲ ವಸ್ತುಗಳನ್ನು ಸೆರೆಹಿಡಿಯಲು ಇದು ನೆರವಾಗುತ್ತದೆ, ಆದರೆ ಚಲಿಸುವ ವ್ಯಕ್ತಿಯ ಮಸುಕನ್ನು ತಡೆಯಲಾರದು.

ಹಳೆಯ ಲೆನ್ಸ್‌ಗಳ ಬಳಕೆ: ಡಿಎಸ್‌ಎಲ್‌ಆರ್ ಕಾಲದ ಇಎಫ್ ಲೆನ್ಸ್‌ಗಳನ್ನು ಅಡಾಪ್ಟರ್ ಮೂಲಕ ಜೋಡಿಸಬಹುದು. ಸಾಮಾನ್ಯ ಅಡಾಪ್ಟರಿನಲ್ಲಿ ಗಾಜು ಇಲ್ಲದಿರುವುದರಿಂದ ಚಿತ್ರದ ಗುಣಮಟ್ಟ ಕುಗ್ಗುವುದಿಲ್ಲ. ಈಗಾಗಲೇ ಇಎಫ್ ಲೆನ್ಸ್‌ಗಳಿಗೆ ಹಣ ತೊಡಗಿಸಿರುವ ಸ್ಟುಡಿಯೋಗಳಿಗೆ ಇದರಿಂದ ದೊಡ್ಡ ಉಳಿತಾಯವಾಗುತ್ತದೆ.

ಮಿತಿಗಳು

ಬಿಸಿಯೇರುವಿಕೆ: ದೂಳು ಮತ್ತು ಹನಿಗಳಿಂದ ರಕ್ಷಿಸಲು ಕ್ಯಾಮೆರಾದ ಕೀಲುಗಳನ್ನು ಮುಚ್ಚಲಾಗಿದೆ. ಒಳಗೆ ಫ್ಯಾನ್ ಇಲ್ಲ. ಹೀಗಾಗಿ ಶಾಖ ನಿಧಾನವಾಗಿ ಮಾತ್ರ ಹೊರಹೋಗುತ್ತದೆ. ಬಿಡುಗಡೆಯ ಸಮಯದಲ್ಲಿ ಕ್ಯಾನನ್ ನೀಡಿದ ಅಂದಾಜಿನಂತೆ 8ಕೆ ವಿಡಿಯೋ ಸುಮಾರು 20 ನಿಮಿಷ, ಉನ್ನತ ಗುಣಮಟ್ಟದ 4ಕೆ ಸುಮಾರು 30 ನಿಮಿಷ ಮತ್ತು ಸೆಕೆಂಡಿಗೆ 120 ಫ್ರೇಮುಗಳ 4ಕೆ ಸುಮಾರು 15 ನಿಮಿಷ ದಾಖಲಾಗುತ್ತದೆ. ಸೆಕೆಂಡಿಗೆ 30 ಫ್ರೇಮುಗಳವರೆಗಿನ ಸಾಧಾರಣ 4ಕೆ ವಿಧಾನಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ವಿಡಿಯೋಗೆ ಮೊದಲು ಹೆಚ್ಚು ಹೊತ್ತು ಸ್ಥಿರಚಿತ್ರಗಳನ್ನು ತೆಗೆದಿದ್ದರೆ ದೊರೆಯುವ ಅವಧಿ ಇನ್ನೂ ಕಡಿಮೆಯಾಗುತ್ತದೆ. 2020ರ ಆಗಸ್ಟ್ ಮತ್ತು 2022ರ ಜುಲೈನಲ್ಲಿ ಬಂದ ಫರ್ಮ್‌ವೇರ್‌ಗಳು ಈ ತೊಂದರೆಯನ್ನು ತಗ್ಗಿಸಿದವು.

ಸಂಗ್ರಹದ ವೆಚ್ಚ: 8ಕೆ ರಾ ವಿಡಿಯೋದ ದತ್ತಾಂಶ ಸೆಕೆಂಡಿಗೆ ಸುಮಾರು 2,600 ಮೆಗಾಬಿಟ್. 128 ಜಿಬಿ ಕಾರ್ಡ್ ಸುಮಾರು 6 ನಿಮಿಷಗಳಲ್ಲಿ ತುಂಬುತ್ತದೆ.

ಎಲೆಕ್ಟ್ರಾನಿಕ್ ಶಟರ್: ಇದರಲ್ಲಿ ಸೆನ್ಸರಿನ ಸಾಲುಗಳು ಒಂದರ ನಂತರ ಒಂದರಂತೆ ಓದಲ್ಪಡುತ್ತವೆ. ವೇಗವಾಗಿ ಚಲಿಸುವ ವಸ್ತುಗಳು ವಕ್ರವಾಗಿ ಕಾಣಬಹುದು. ಮಿನುಗುವ ಎಲ್‌ಇಡಿ ದೀಪಗಳ ಕೆಳಗೆ ಪಟ್ಟೆಗಳು ಮೂಡಬಹುದು. ಈ ವಿಧಾನದಲ್ಲಿ ಫ್ಲ್ಯಾಶ್ ಬಳಸಲಾಗದು.

ಬ್ಯಾಟರಿ: ನಿಗದಿತ ಪರೀಕ್ಷಾ ಮಾನದಂಡದಂತೆ ವ್ಯೂಫೈಂಡರ್ ಬಳಸಿದಾಗ ಒಂದು ಚಾರ್ಜಿಗೆ ಸುಮಾರು 320 ಚಿತ್ರಗಳು ದೊರೆಯುತ್ತವೆ. ದಿನವಿಡೀ ನಡೆಯುವ ಸಮಾರಂಭಕ್ಕೆ ಹೆಚ್ಚುವರಿ ಬ್ಯಾಟರಿಗಳು ಅಗತ್ಯ.

ಹುಬ್ಬಳ್ಳಿ–ಧಾರವಾಡದ ಸನ್ನಿವೇಶ

ಕ್ಯಾನನ್ ನೀಡಿದ ಮೇಲಿನ ಅವಧಿಗಳು 23 ಡಿಗ್ರಿ ಸೆಲ್ಸಿಯಸ್ ತಾಪಮಾನಕ್ಕೆ ಸಂಬಂಧಿಸಿದವು. ಅವಳಿನಗರದಲ್ಲಿ ಏಪ್ರಿಲ್–ಮೇ ತಿಂಗಳುಗಳ ಹಗಲಿನ ತಾಪಮಾನ ಸಾಮಾನ್ಯವಾಗಿ 35 ಡಿಗ್ರಿಯನ್ನು ಮೀರುತ್ತದೆ. ಮದುವೆಗಳು ಹೆಚ್ಚಾಗಿ ನಡೆಯುವ ಕಾಲವೂ ಇದೇ. ಅಕ್ಷತೆ ಬೀಳುವ ಗಳಿಗೆಯಲ್ಲಿ ಕ್ಯಾಮೆರಾ ನಿಂತರೆ ಅದನ್ನು ಮತ್ತೆ ಚಿತ್ರೀಕರಿಸಲಾಗದು. ಆದ್ದರಿಂದ ಇಂತಹ ಕಾರ್ಯಕ್ರಮಗಳಿಗೆ ಸಾಧಾರಣ 4ಕೆ ವಿಧಾನವನ್ನು ಆರಿಸುವುದು, ಫೋಟೊ ಮತ್ತು ವಿಡಿಯೋಗೆ ಬೇರೆ ಬೇರೆ ಕ್ಯಾಮೆರಾ ಇಡುವುದು ಹಾಗೂ ನೇರ ಬಿಸಿಲನ್ನು ತಪ್ಪಿಸುವುದು ಸುರಕ್ಷಿತ.

ಧಾರವಾಡ ಜಿಲ್ಲೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರಂತಹ ಗಾಯಕರಿಂದಾಗಿ ಹಿಂದೂಸ್ತಾನಿ ಸಂಗೀತಕ್ಕೆ ಹೆಸರಾಗಿದೆ. ಬೈಠಕ್‌ಗಳಲ್ಲಿ ವಿಲಂಬಿತ ಆಲಾಪದ ನಡುವೆ ಶಟರಿನ ಸದ್ದು ಕೇಳುಗರಿಗೂ ಕಲಾವಿದರಿಗೂ ಅಡ್ಡಿಯಾಗುತ್ತದೆ. ಎಲೆಕ್ಟ್ರಾನಿಕ್ ಶಟರ್ ನಿಶ್ಶಬ್ದವಾಗಿರುವುದರಿಂದ ಇಲ್ಲಿ ಅನುಕೂಲಕರ. ಆದರೆ ತಬಲಾ ವಾದಕರ ಬೆರಳುಗಳು ವಿರೂಪಗೊಳ್ಳುವ ಮತ್ತು ವೇದಿಕೆಯ ಎಲ್‌ಇಡಿ ಬೆಳಕಿನಿಂದ ಪಟ್ಟೆ ಮೂಡುವ ಸಾಧ್ಯತೆ ಇರುವುದರಿಂದ ಕಾರ್ಯಕ್ರಮಕ್ಕೆ ಮೊದಲು ಪರೀಕ್ಷಿಸಿ ನೋಡುವುದು ಒಳಿತು.

ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ವಲಸೆ ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಹಕ್ಕಿಗಳ ಹತ್ತಿರ ಹೋಗಿ ಅವುಗಳನ್ನು ಬೆದರಿಸದೆ ದೂರದಿಂದಲೇ ಚಿತ್ರ ತೆಗೆಯಲು ಆರ್5ನ ಹಕ್ಕಿ ಗುರುತಿಸುವ ಫೋಕಸ್ ಮತ್ತು ಹೆಚ್ಚಿನ ಮೆಗಾಪಿಕ್ಸೆಲ್ ನೆರವಾಗುತ್ತವೆ.

ನಂತರದ ಮಾದರಿಗಳು

2022ರ ಜನವರಿಯಲ್ಲಿ ಪ್ರಕಟವಾದ ಇಒಎಸ್ ಆರ್5 ಸಿ ಮಾದರಿಯಲ್ಲಿ ತಂಪುಗೊಳಿಸುವ ಫ್ಯಾನ್ ಅಳವಡಿಸಲಾಯಿತು, ಆದರೆ ಸೆನ್ಸರ್ ಸರಿಸುವ ಅಲುಗಾಟ ನಿಯಂತ್ರಣವನ್ನು ಕೈಬಿಡಲಾಯಿತು. 2024ರ ಜುಲೈನಲ್ಲಿ ಬಂದ ಇಒಎಸ್ ಆರ್5 ಮಾರ್ಕ್ 2 ಸೆನ್ಸರನ್ನು ಹೆಚ್ಚು ವೇಗವಾಗಿ ಓದುತ್ತದೆ ಮತ್ತು ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯಬಲ್ಲದು. ದೀರ್ಘ ವಿಡಿಯೋ ಚಿತ್ರೀಕರಣಕ್ಕಾಗಿ ಫ್ಯಾನ್ ಇರುವ ಪ್ರತ್ಯೇಕ ಗ್ರಿಪ್ ಅನ್ನು ಇದಕ್ಕೆ ಜೋಡಿಸಬಹುದು.